ಫೈಬರ್ ಆಪ್ಟಿಕ್ ಎಳೆಗೆ ಸೂಪರ್ ಗ್ಲೂ ಹಾಕಬೇಡಿ, ನನ್ನ ಟೈಟಾನಿಕ್ ಕತ್ತಲಾಯಿತು

ಸ್ಕೇಲ್ ಮಾಡೆಲ್‌ಗೆ ಲೈಟಿಂಗ್ ಮಾಡಬೇಕು ಅಂತ ಹೊರಟವರು ಇದನ್ನು ಓದಿ ಆಮೇಲೆ ಡ್ರಿಲ್ ಹಿಡಿಯಿರಿ. ನನಗೆ ನಾಲ್ಕು ತಿಂಗಳ ಭಾನುವಾರಗಳು ದಂಡವಾದವು.

ಕಿಟ್ 1/350 ಅಳತೆಯ ಟೈಟಾನಿಕ್. ಅಸಲಿ ಹಡಗು 269 ಮೀಟರ್, ಇದು ಸುಮಾರು 77 ಸೆಂಟಿಮೀಟರ್. ಪಕ್ಕದ ದುಂಡು ಕಿಟಕಿಗಳೆಲ್ಲ ಹೊಳೆಯಬೇಕು ಅನ್ನುವ ಆಸೆ. ಒಂದೊಂದಕ್ಕೂ ಎಲ್‌ಇಡಿ ಕೂರಿಸುವ ಮಾತೇ ಇಲ್ಲ. ಅದಕ್ಕೇ ಅರ್ಧ ಮಿಲಿಮೀಟರ್ ದಪ್ಪದ ಫೈಬರ್ ಆಪ್ಟಿಕ್ ಎಳೆ ತಂದೆ, ಒಂದು ತುದಿಗೆ ಬಿದ್ದ ಬೆಳಕನ್ನು ಇನ್ನೊಂದು ತುದಿಗೆ ಸಾಗಿಸುವಂಥದ್ದು. ಮೂವತ್ತು ಎಳೆ ಸೇರಿಸಿ ಕಟ್ಟು ಮಾಡಿ ಒಂದು ಎಲ್‌ಇಡಿ ಮುಂದೆ ಇಟ್ಟರೆ ಮೂವತ್ತು ಕಿಟಕಿಗೆ ಬೆಳಕು. ಲೆಕ್ಕ ಸರಿಯಾಗಿಯೇ ಇತ್ತು.

ಎಡಗಡೆಯ ಎಳೆಗಳನ್ನೆಲ್ಲ ಒಳಗಿಂದ ಸೂಪರ್ ಗ್ಲೂ ಹಾಕಿ ಕೂರಿಸಿದೆ. ಬೇಗ ಹಿಡಿಯುತ್ತೆ ಅಲ್ವಾ! ಬಲಗಡೆಗೆ ಬರುವಷ್ಟರಲ್ಲಿ ಟ್ಯೂಬ್ ಖಾಲಿ. ಭಾನುವಾರ ರಾತ್ರಿ, ಅಂಗಡಿ ಮುಚ್ಚಿತ್ತು. ಬೈದುಕೊಂಡೇ ಮಗಳ ಸ್ಕೂಲ್ ಪ್ರಾಜೆಕ್ಟಿನ ಬಿಳಿ ಅಂಟು ಹಚ್ಚಿದೆ. ಸ್ವಿಚ್ ಹಾಕಿದರೆ ಎರಡೂ ಕಡೆ ಝಗಮಗ. ಡೆಕ್ ಅಂಟಿಸಿ, ಸಂದಿಗೆ ಪುಟ್ಟಿ ತುಂಬಿ, ಬಣ್ಣ ಹೊಡೆದು ಮುಗಿಸಿಬಿಟ್ಟೆ.

ಮೂರನೇ ವಾರ ಎಡಗಡೆ ಒಂದೊಂದೇ ಕಿಟಕಿ ಆರತೊಡಗಿತು. ಅಸಲಿ ಟೈಟಾನಿಕ್‌ನಲ್ಲಿ 1912ರ ಆ ರಾತ್ರಿ ಮುಳುಗುವುದಕ್ಕೆ ಕೆಲವೇ ನಿಮಿಷ ಇರುವವರೆಗೂ ದೀಪ ಉರಿದಿದ್ದವು. ನನ್ನದು ಶೋಕೇಸಿನಲ್ಲೇ ಕತ್ತಲಾಯಿತು.

ಬ್ಯಾಟರಿ ಬದಲಾಯಿಸಿದೆ, ಉಪಯೋಗವಿಲ್ಲ. ಕೊನೆಗೆ ಮನಸ್ಸು ಗಟ್ಟಿ ಮಾಡಿಕೊಂಡು ಡೆಕ್ ಕಿತ್ತೆ. ಎಲ್‌ಇಡಿಗಳು ಚೆನ್ನಾಗಿಯೇ ಉರಿಯುತ್ತಿದ್ದವು. ಆದರೆ ಎಡಗಡೆ ಪ್ರತಿ ಎಳೆಯಲ್ಲೂ ಅಂಟು ಬಿದ್ದ ಜಾಗದಲ್ಲಿ ಮಿಣುಕುಹುಳದಂತೆ ಒಂದು ಚುಕ್ಕೆ. ಬೆಳಕು ಅಲ್ಲೇ ಹೊರಗೆ ಸೋರುತ್ತಿತ್ತು, ಮುಂದಕ್ಕೆ ಹೋಗುತ್ತಿರಲಿಲ್ಲ. ಚಿಮಟದಲ್ಲಿ ಮುಟ್ಟಿದರೆ ಸಾಕು, ಒಣ ಶ್ಯಾವಿಗೆ ಥರ ಟಕ್ ಅಂತ ಮುರಿಯಿತು. ಬಲಗಡೆಯ ಎಳೆಗಳು ಬಾಗಿಸಿದರೂ ಏನೂ ಆಗಲಿಲ್ಲ.

ಈ ಎಳೆ ಗಾಜಲ್ಲ, ಅಕ್ರಿಲಿಕ್ ಪ್ಲಾಸ್ಟಿಕ್. ಸೂಪರ್ ಗ್ಲೂ ಅದನ್ನು ಪೆಡಸು ಮಾಡುತ್ತದೆ. ಎಳೆ ಬಾಗಿರುವ ಕಡೆ ಅಂಟು ಬಿದ್ದರಂತೂ ಬಿರುಕು ಖಂಡಿತ. ಮಾರಿದವನು ಇದನ್ನು ಹೇಳಲಿಲ್ಲ. ನಾನೂ ಕೇಳಲಿಲ್ಲ, ಬಿಡಿ.

ಹಾಗಾಗಿ ಬಿಳಿ ಅಂಟೇ ಸಾಕು. ಕಟ್ಟಿನ ಬುಡಕ್ಕೆ ಐದು ನಿಮಿಷದಲ್ಲಿ ಗಟ್ಟಿಯಾಗುವ ಎಪಾಕ್ಸಿ ಅಂಟು ಹಾಕಬಹುದು. ಎಳೆಗಳನ್ನು ಕಟ್ಟಲು ಹೀಟ್ ಶ್ರಿಂಕ್ ಟ್ಯೂಬ್ (ಬಿಸಿ ಮಾಡಿದರೆ ಕುಗ್ಗಿ ಬಿಗಿಯುವ ಕೊಳವೆ) ಹಾಕಿ ಹತ್ತಿರದಿಂದ ಲೈಟರ್ ಹಿಡಿಯಬೇಡಿ, ಒಳಗಿನ ಎಳೆಯೂ ಕರಗಿ ಮುದ್ದೆಯಾಗುತ್ತದೆ. ಅದನ್ನೂ ಮಾಡಿ ನೋಡಿದ್ದೇನೆ. ಎಳೆಗಳನ್ನು ಕೂರಿಸುವ ಮೊದಲೇ ಹಡಗಿನ ಒಳಮೈಗೆ ಕಪ್ಪು ಬಣ್ಣ ಬಳಿಯಿರಿ, ಇಲ್ಲದಿದ್ದರೆ ಕಿಟಕಿಯ ಜೊತೆ ಇಡೀ ಹಡಗೇ ಹೊಳೆಯುತ್ತದೆ. ಮುಖ್ಯವಾಗಿ, ಡೆಕ್ ಮುಚ್ಚಲು ಅವಸರ ಬೇಡ. ಒಂದು ತಿಂಗಳು ಹಾಗೇ ಬಿಟ್ಟು ದಿನಾ ಉರಿಸಿ ನೋಡಿ.

ಎಡಗಡೆ ಮತ್ತೆ ಕೊರೆದು ಸರಿ ಮಾಡುವ ತಾಳ್ಮೆ ಇನ್ನೂ ಬಂದಿಲ್ಲ. ಸದ್ಯಕ್ಕೆ ಆ ಮಗ್ಗುಲನ್ನು ಗೋಡೆ ಕಡೆ ತಿರುಗಿಸಿ ಇಟ್ಟಿದ್ದೇನೆ. ಮನೆಗೆ ಬಂದವರು ಬಲಗಡೆ ನೋಡಿ "ಸಖತ್ತಾಗಿದೆ" ಅನ್ನುತ್ತಾರೆ. ಮಗಳು ಮಾತ್ರ "ಅದು ನನ್ನ ಅಂಟು" ಅಂತ ಪ್ರತಿ ಸಲವೂ ಹೇಳುತ್ತಾಳೆ.