ದೂರದ ಹಾರಾಟಕ್ಕೆ ಬಿಸಿನೆಸ್ ಕ್ಲಾಸ್: ಕಾಲು ಚಾಚಲು ಎಲ್ಲಿ ಎಷ್ಟು ಜಾಗ

ಹನ್ನೆರಡು, ಹದಿನಾಲ್ಕು ಗಂಟೆಯ ಹಾರಾಟಕ್ಕೆ ಬಿಸಿನೆಸ್ ಕ್ಲಾಸ್ ಟಿಕೆಟ್ ತೆಗೆಯುವವರು ದುಡ್ಡು ಸುರಿಯುವುದು ನಿದ್ದೆಗಾಗಿ. ಶಾಂಪೇನು, ಬಿಸಿ ಟವೆಲು, ಪಿಂಗಾಣಿ ತಟ್ಟೆಯ ಊಟ ಎಲ್ಲ ಮೊದಲ ಎರಡು ಗಂಟೆಯಲ್ಲಿ ಮುಗಿದುಹೋಗುತ್ತವೆ. ಉಳಿದ ಹತ್ತು ಗಂಟೆ ಮಲಗಿದ ಜಾಗ ಹೇಗಿದೆ ಅನ್ನುವುದೇ ಲೆಕ್ಕ.

ಇಲ್ಲಿ ಹೆಚ್ಚಿನವರು ಎಡವುವುದು ಕಂಪನಿಯ ಹೆಸರು ನೋಡಿ ಬುಕ್ ಮಾಡುವಾಗ. ಒಂದೇ ಕಂಪನಿಯ ಎರಡು ವಿಮಾನಗಳಲ್ಲಿ ಎರಡು ಬೇರೆ ಲೋಕಗಳಿರುತ್ತವೆ. ಕತಾರ್ ಏರ್‌ವೇಸ್‌ನ ಹೆಸರಾಂತ, ಬಾಗಿಲಿರುವ ಬಿಸಿನೆಸ್ ಸೀಟು ಕ್ಯೂಸೂಟ್ ಬಂದದ್ದು 2017ರಲ್ಲಿ. ಅದು ಬೋಯಿಂಗ್ 777 ಮತ್ತು ಏರ್‌ಬಸ್ ಎ350ಗಳಲ್ಲಿ ಸಿಗುತ್ತದೆ. ಅದೇ ಕಂಪನಿಯ ಎ380ರಲ್ಲಾಗಲಿ 787-8ರಲ್ಲಾಗಲಿ ಇಲ್ಲ. ಎಮಿರೇಟ್ಸ್ ಎ380ರ ಮೇಲಂತಸ್ತಿನಲ್ಲಿ 1-2-1 ಜೋಡಣೆ, ಅಂದರೆ ಸಾಲಿಗೆ ಒಂದು ಸೀಟು, ದಾರಿ, ಎರಡು ಸೀಟು, ದಾರಿ, ಮತ್ತೊಂದು ಸೀಟು. ಅವರದೇ 777ಗಳಲ್ಲಿ ಹೊಸದಾಗಿ ಮಾರ್ಪಡಿಸದವುಗಳಲ್ಲಿ ಇನ್ನೂ 2-3-2. ಅಂದರೆ ಮಧ್ಯದ ಸೀಟು ಸಿಕ್ಕವರು ಬಿಸಿನೆಸ್ ಕ್ಲಾಸಿನಲ್ಲೂ ಇಬ್ಬರ ನಡುವೆಯೇ ಕೂರಬೇಕು. ದರ ನೋಡುವ ಮೊದಲು ವಿಮಾನದ ಮಾದರಿ ನೋಡಿ, ಆಮೇಲೆ ಸೀಟ್ ಮ್ಯಾಪ್ ತೆರೆಯಿರಿ. ಎರಡು ನಡುದಾರಿಯ ವಿಮಾನದಲ್ಲಿ ಒಂದು ಸಾಲಿಗೆ 1-2-1ರಂತೆ ನಾಲ್ಕೇ ಸೀಟಿದ್ದರೆ ಎಲ್ಲರಿಗೂ ನೇರ ದಾರಿ ಇದೆ. ಆರು ಅಥವಾ ಏಳು ಇದ್ದರೆ ಯಾರೋ ಒಬ್ಬರು ರಾತ್ರಿ ನಿಮ್ಮ ಕಾಲು ದಾಟಿ ಶೌಚಾಲಯಕ್ಕೆ ಹೋಗುತ್ತಾರೆ, ಇಲ್ಲವೇ ನೀವೇ ಇನ್ನೊಬ್ಬರ ಕಾಲು ದಾಟುತ್ತೀರಿ.

ಇನ್ನು ಪಾದದ ಗೂಡು, ಅಂದರೆ ಮಲಗಿದಾಗ ಪಾದ ತೂರಿಸುವ ಪೊಟರೆ. ಜಾಹೀರಾತಿನ ಚಿತ್ರಗಳಲ್ಲಿ ಇದು ಕಾಣುವುದೇ ಇಲ್ಲ. ಹಾಸಿಗೆ 78 ಇಂಚೋ 79 ಇಂಚೋ ಉದ್ದ ಎಂದು ಬರೆದಿರುತ್ತಾರೆ, ಸುಳ್ಳೇನಲ್ಲ. ಆದರೆ ಅದರ ಕೊನೆಯ ಅಡಿ ಒಂದೂವರೆ ಅಡಿ ಮುಂದಿನ ಸೀಟಿನ ಪಕ್ಕದ ಮೇಜಿನ ಕೆಳಗೆ ತೂರಿಕೊಂಡಿರುತ್ತದೆ. ಅಂಗಾತ ಮಲಗಿದರೆ ತೊಂದರೆಯಿಲ್ಲ. ಮಗ್ಗುಲಾದಾಗ ಮೇಲಿನ ಪಾದ ಗೂಡಿನ ಚಾವಣಿಗೆ ತಾಗುತ್ತದೆ, ಮಂಡಿ ಮಡಚಲು ಹೋದರೆ ಪಕ್ಕದ ಗೋಡೆ. ಮಗ್ಗುಲಲ್ಲೇ ನಿದ್ದೆ ಹತ್ತುವವರು, ಆರಡಿ ಮೀರಿದವರು ಕ್ಯಾಬಿನ್ನಿನ ಮೊದಲ ಸಾಲು ಹಿಡಿಯುವುದು ಒಳ್ಳೆಯದು. ಎದುರಿಗೆ ಇನ್ನೊಂದು ಸೀಟಿಲ್ಲದ ಕಾರಣ ಅಲ್ಲಿ ಗೂಡು ಸಾಮಾನ್ಯವಾಗಿ ಅಗಲ. ತೊಟ್ಟಿಲು ಕಟ್ಟುವ ಜಾಗವೂ ಹೆಚ್ಚಾಗಿ ಅಲ್ಲೇ, ಅಡುಗೆ ಕೋಣೆಯ ಬೆಳಕು ಮತ್ತು ಸದ್ದೂ ಅಲ್ಲೇ. ಕಿವಿಗೆ ಇಯರ್‌ಪ್ಲಗ್ ಇಟ್ಟುಕೊಂಡು ಕಾಲಿಗೆ ಜಾಗ ಗಿಟ್ಟಿಸುವುದು ಲಾಭದ ವ್ಯವಹಾರ ಅನ್ನುವುದು ನಮ್ಮ ಅನಿಸಿಕೆ.

ಸಿಂಗಪುರ್ ಏರ್‌ಲೈನ್ಸ್‌ನ ದೂರಪ್ರಯಾಣದ 777-300ಇಆರ್ ಮತ್ತು ಎ350ರ ಸೀಟಿನಲ್ಲಿ ಈ ಗುಟ್ಟು ಚೆನ್ನಾಗಿ ಗೊತ್ತಾಗುತ್ತದೆ. ಕೂರಲು 28 ಇಂಚು ಅಗಲ, ಸೋಫಾದ ಹಾಗೆ. ಮಲಗಬೇಕೆಂದರೆ ಗುಂಡಿ ಒತ್ತಿದರಾಗದು. ಎದ್ದು ನಿಂತು, ಬೆನ್ನಿನ ಭಾಗವನ್ನು ಮುಂದಕ್ಕೆ ಮಗುಚಿ ಹಾಸಿಗೆ ಮಾಡಬೇಕು. ಸಿಬ್ಬಂದಿಯೇ ಮಾಡಿಕೊಡುತ್ತಾರೆ. ಆದರೆ ನಡುರಾತ್ರಿ ಅರ್ಧ ಒರಗಿ ಕೂರೋಣ ಅನ್ನಿಸಿದರೆ ಮತ್ತೆ ಎಲ್ಲವನ್ನೂ ಬಿಚ್ಚಬೇಕು. ಪಾದದ ಗೂಡು ಮೂಲೆಯಲ್ಲಿರುವುದರಿಂದ ಮಲಗುವುದು ಓರೆಯಾಗಿ. ಸೊಂಟ ನೋವಿರುವವರಿಗೆ ಇದು ಹಿಡಿಸುವುದು ಕಷ್ಟ. ಊಟದಲ್ಲಿ ಮಾತ್ರ ಇವರು ಮುಂದು: ಹೊರಡುವ 24 ಗಂಟೆ ಮೊದಲೇ ‘ಬುಕ್ ದ ಕುಕ್’ನಲ್ಲಿ ಬೇಕಾದ ಖಾದ್ಯ ಆರಿಸಿಡಬಹುದು.

ಕ್ಯೂಸೂಟ್‌ನ ಸೀಟು 21.5 ಇಂಚು ಅಗಲ, ಹಾಸಿಗೆ 79 ಇಂಚು, ಜಾರುವ ಬಾಗಿಲು ಬೇರೆ. ಎ, ಕೆ ಸೀಟುಗಳು ಕಿಟಕಿಗೆ ಅಂಟಿಕೊಂಡಿವೆ, ಆದರೆ ವಿಮಾನದ ಬಾಲದ ಕಡೆ ಮುಖ. ಬಿ, ಜೆ ಮುಂದಕ್ಕೆ ಮುಖ ಮಾಡಿದ್ದರೂ ನಡುದಾರಿಗೆ ಹತ್ತಿರ. ಹಿಮ್ಮುಖ ಪಯಣ ವಿಮಾನ ಮೇಲೇರುವಾಗ ಹತ್ತು ನಿಮಿಷ ವಿಚಿತ್ರ ಅನ್ನಿಸುತ್ತದೆ, ಆಮೇಲೆ ಮರೆತೇಹೋಗುತ್ತದೆ. ಜೋಡಿಯಾಗಿ ಹೋಗುವವರಿಗೆ ಮಧ್ಯದ ಇ ಮತ್ತು ಎಫ್. ನಡುವಿನ ತಡೆ ಇಳಿಸಿದರೆ ಡಬಲ್ ಬೆಡ್. ಬಾಗಿಲಿನ ಬಗ್ಗೆ ಒಂದು ಮಾತು: ಅದು ಕಣ್ಣಿಗೆ ಮರೆ, ಕಿವಿಗಲ್ಲ. ಗೋಡೆ ಎದೆಯೆತ್ತರ ದಾಟಿದರೆ ಹೆಚ್ಚು, ಪಕ್ಕದವರ ಗೊರಕೆ ಸಲೀಸಾಗಿ ಹಾದುಬರುತ್ತದೆ. ಟೇಕಾಫ್ ಮತ್ತು ಇಳಿಯುವ ಹೊತ್ತಿನಲ್ಲಿ ಬಾಗಿಲು ತೆರೆದೇ ಇರಬೇಕು.

ಎಮಿರೇಟ್ಸ್ ಎ380ರಲ್ಲಿ ಎ ಅಥವಾ ಕೆ ಆರಿಸಿ. ಮೇಜು ನಡುದಾರಿಯ ಕಡೆ ಬರುವುದರಿಂದ ಓಡಾಡುವವರು ಮೈಗೆ ತಾಗುವುದಿಲ್ಲ, ಕಿಟಕಿಯಡಿ ಸಾಮಾನಿಡಲು ಪೆಟ್ಟಿಗೆಗಳೂ ಇವೆ. ಹಿಂದುಗಡೆಯ ಬಾರ್ ಹತ್ತಿರದ ಸಾಲುಗಳು ನಿದ್ದೆಗೆ ಶತ್ರು.

ಬ್ರಿಟಿಷ್ ಏರ್‌ವೇಸ್ 2000ದಲ್ಲೇ ಬಿಸಿನೆಸ್ ಕ್ಲಾಸಿಗೆ ಚಪ್ಪಟೆ ಹಾಸಿಗೆ ತಂದಿತ್ತು. ಆ ಪರಂಪರೆಯ, ಒಬ್ಬರು ಹಿಂದಕ್ಕೆ ಒಬ್ಬರು ಮುಂದಕ್ಕೆ ಮುಖ ಮಾಡಿ ಕೂರುವ ಕ್ಯಾಬಿನ್ ಸಿಕ್ಕರೆ ಬಿಟ್ಟುಬಿಡಿ. 2019ರಲ್ಲಿ ಎ350ಯೊಂದಿಗೆ ಬಂದ, ಬಾಗಿಲಿರುವ ಕ್ಲಬ್ ಸೂಟ್ ಸಿಕ್ಕರೆ ಕಣ್ಣುಮುಚ್ಚಿ ತೆಗೆದುಕೊಳ್ಳಬಹುದು. ಲುಫ್ತಾನ್ಸಾದ ಹಳೆಯ 2-2-2ರಲ್ಲಿ ಪಕ್ಕದವರ ಪಾದ ನಿಮ್ಮ ಪಾದದ ಬಳಿಯೇ ಬರುತ್ತದೆ. ಗಂಡ ಹೆಂಡತಿಗೆ ಪರವಾಗಿಲ್ಲ, ಅಪರಿಚಿತರಿಗೆ ಮುಜುಗರ. 2024ರಿಂದ ಹಾರುತ್ತಿರುವ ಅವರದೇ ಹೊಸ ಕ್ಯಾಬಿನ್ ಅಲೆಗ್ರಿಸ್‌ನಲ್ಲಿ ಒಂದೇ ಕ್ಯಾಬಿನ್ನಿನೊಳಗೆ ಹಲವು ಬಗೆಯ ಸೀಟುಗಳಿವೆ, ಒಳ್ಳೆಯ ಕೆಲವಕ್ಕೆ ಟಿಕೆಟಿನ ಮೇಲೆ ಮತ್ತೆ ಶುಲ್ಕ.

ಶುಲ್ಕದ ಮಾತು ಬಂತಲ್ಲ, ಅಗ್ಗದ ಬಿಸಿನೆಸ್ ಟಿಕೆಟಿನ ಷರತ್ತು ಓದದೆ ಹಣ ಕಟ್ಟಬೇಡಿ. ಕೆಲವು ಕಂಪನಿಗಳ ಕೆಳದರ್ಜೆಯ ದರದಲ್ಲಿ ಲೌಂಜ್ ಇಲ್ಲ, ಮುಂಚಿತ ಸೀಟು ಆಯ್ಕೆ ಇಲ್ಲ, ರದ್ದು ಮಾಡಿದರೆ ಕೈಗೆ ಬರುವುದು ಚೂರು. ಎರಡು ವಿಮಾನಗಳ ನಡುವೆ ಐದು ಗಂಟೆ ಕಾಯಬೇಕಾದವರಿಗೆ ಲೌಂಜ್ ಇಲ್ಲದ ಉಳಿತಾಯ ಉಳಿತಾಯವೇ ಅಲ್ಲ.

ವಿಮಾನದ ಮಾದರಿಗೆ ಇನ್ನೊಂದು ಕಾರಣವೂ ಇದೆ. 777, ಎ330ಗಳಲ್ಲಿ ಕ್ಯಾಬಿನ್ನಿನ ಗಾಳಿಯ ಒತ್ತಡ ಸುಮಾರು 8,000 ಅಡಿ ಎತ್ತರದ ಬೆಟ್ಟದ ಮೇಲಿದ್ದಷ್ಟು ಇಳಿಯಬಹುದು. 787, ಎ350ಗಳಲ್ಲಿ ಅದು 6,000 ಅಡಿಯ ಆಸುಪಾಸು, ತೇವವೂ ತುಸು ಹೆಚ್ಚು. ಬೆಳಿಗ್ಗೆ ಇಳಿದಾಗ ತಲೆ ಭಾರ ಕಡಿಮೆ. ಸೀಟು ಸರಿಸಮವಾಗಿದ್ದರೆ ಈ ಎರಡರ ಕಡೆಗೇ ವಾಲಿ.

ಇಷ್ಟೆಲ್ಲ ಆರಿಸಿದ ಮೇಲೂ ಕೊನೆಗಳಿಗೆಯಲ್ಲಿ ಬೇರೆ ವಿಮಾನ ಬಂದು ನಿಲ್ಲುವುದುಂಟು. ಬುಕಿಂಗ್ ತೆರೆದು ಸೀಟ್ ಮ್ಯಾಪ್ ಆಗಾಗ ನೋಡುತ್ತಿರಿ. ಸಾಲುಗಳ ಸಂಖ್ಯೆ ಬದಲಾಗಿದ್ದರೆ, ನಿಮ್ಮ ಸೀಟು ತಾನಾಗಿ ಬೇರೆಡೆ ಹೋಗಿದ್ದರೆ ವಿಮಾನ ಬದಲಾಗಿದೆ ಎಂದೇ ಅರ್ಥ. ಆಗಲೇ ಫೋನ್ ಮಾಡಿದರೆ ಒಳ್ಳೆಯ ಸೀಟು ಉಳಿದಿರುತ್ತದೆ, ಚೆಕ್-ಇನ್ ಕೌಂಟರಿನಲ್ಲಿ ಉಳಿದಿರುವುದಿಲ್ಲ. ಹಳೆಯ ಸೀಟು ಬಂತೆಂದು ಪರಿಹಾರ ಸಿಗುವುದು ಅಪರೂಪ. ಕೆಳಗಿನ ದರ್ಜೆಗೇ ಇಳಿಸಿದರೆ ಮಾತ್ರ ಬೇರೆ ಮಾತು: ಯುರೋಪಿಯನ್ ಒಕ್ಕೂಟದಿಂದ ಹೊರಡುವ ಯಾವುದೇ ಕಂಪನಿಯ ವಿಮಾನಕ್ಕೂ, ಅಲ್ಲಿಗೆ ಬರುವ ಒಕ್ಕೂಟದ ಕಂಪನಿಗಳ ವಿಮಾನಕ್ಕೂ ಇಯು 261 ನಿಯಮ ಅನ್ವಯಿಸುತ್ತದೆ. ಒಕ್ಕೂಟದ ಒಳಗೇ ಮುಗಿಯದ, 3,500 ಕಿಲೋಮೀಟರ್ ಮೀರಿದ ಹಾರಾಟದಲ್ಲಿ ದರ್ಜೆ ಇಳಿಸಿದರೆ ಆ ಭಾಗದ ದರದ ಶೇ. 75ರಷ್ಟನ್ನು 7 ದಿನದೊಳಗೆ ಮರಳಿಸಬೇಕು. ಕೌಂಟರಿನಲ್ಲಿ ವೋಚರ್ ನೀಡಲು ಬಂದರೆ ಸಹಿ ಹಾಕಬೇಡಿ. ಮೂಲ ಟಿಕೆಟ್ ಮತ್ತು ಕೊನೆಗೆ ಕೂತ ಸೀಟಿನ ಬೋರ್ಡಿಂಗ್ ಪಾಸ್, ಎರಡನ್ನೂ ಜೋಪಾನವಾಗಿಟ್ಟುಕೊಂಡು ಲಿಖಿತವಾಗಿ ಕೇಳಿ.