ಏರಿಯಾ ಲೆಂಡಿಂಗ್ ಲೈಬ್ರರಿ: ಸುಳ್ಳು ಎಂಗೇಜ್‌ಮೆಂಟ್ ಕಥೆ ಬೇಕಾದ್ರೆ ಹೋಗಿ
ಹಳೇ ಮಿಲ್ಸ್ ಅಂಡ್ ಬೂನ್ (ಇಂಗ್ಲಿಷ್ ಲವ್ ಸ್ಟೋರಿ ಪುಸ್ತಕಗಳು) ರಾಶಿ ರಾಶಿ ಬಿದ್ದಿದೆ, 1908ರಲ್ಲಿ ಶುರುವಾದ ಕಂಪ್ನಿ ಅಲ್ವಾ. ನಾನು ಹುಡುಕೋದು ಮಾತ್ರ ಸುಳ್ಳು ಎಂಗೇಜ್‌ಮೆಂಟ್ ಕಥೆಗಳನ್ನ. ಕೊನೇಗೆ ಏನಾಗುತ್ತೆ ಅಂತ ಮೊದಲ್ನೇ ಪೇಜಲ್ಲೇ ಗೊತ್ತು, ಆದ್ರೂ ಉಂಗುರ ಹಾಕ್ಕೊಂಡು ಮನೆಯವ್ರ ಮುಂದೆ ನಾಟ್ಕ ಆಡ್ತಾ ಆಡ್ತಾ, ನೋಡೋರು ಯಾರೂ ಇಲ್ದಾಗ್ಲೂ ಹೀರೋ ಅವಳ ಕೈ ಬಿಡಲ್ಲ ನೋಡಿ, ಅಲ್ಲಿಗೆ ನಾನು ಫ್ಲಾಟ್. ಹಳೇ ಇಂಗ್ಲೆಂಡಲ್ಲಿ ನಡಿಯೋವಂತೂ ಇನ್ನೂ ಮಜಾ, ಅಲ್ಲಿ ಮದ್ವೆ ಮಾತು ಮುರಿದ್ರೆ ಕೋರ್ಟಿಗೆ ಎಳೀಬೋದಿತ್ತು, ಆ ಕಾನೂನು ಹೋಗಿದ್ದೇ 1971ರಲ್ಲಿ, ಹಂಗಾಗಿ ಹೀರೋ ಸುಳ್ಳು ಹೇಳಿ ಸಿಕ್ಕಾಕ್ಕೊಂಡ್ರೆ ಮುಗೀತು. ಬೈಂಡಿಂಗ್ ಮಾತ್ರ ಕೇಳ್ಬೇಡಿ, ಮೊನ್ನೆ ತಂದಿದ್ರಲ್ಲಿ ಅವ್ನು ನಿಜ ಒಪ್ಕೊಳ್ಳೋ ಪೇಜೇ ಇಲ್ಲ! ಲೈಬ್ರರಿ ಅಂಕಲ್‌ಗೆ ಹೇಳಿದ್ರೆ "ಹೆಂಗೂ ಮದ್ವೆ ಆಗುತ್ತೆ ಬಿಡಮ್ಮ" ಅಂದ್ರು. ಮೂರು ಸ್ಟಾರ್.