ಕೈ ಆಪರೇಷನ್ ನಂತರ: ಪ್ಯಾರಾಸಿಟಮಾಲ್–ಐಬುಪ್ರೊಫೆನ್ ಜೋಡಿಯೋ, ಟ್ರಮಡಾಲೋ?

ಕಾರ್ಪಲ್ ಟನಲ್ (ಮಣಿಕಟ್ಟಿನಲ್ಲಿ ಒತ್ತಿಕೊಂಡ ನರ ಬಿಡಿಸುವುದು), ಟ್ರಿಗರ್ ಫಿಂಗರ್‌ನಂಥ (ಮಡಚಿದಲ್ಲೇ ಸಿಕ್ಕಿಕೊಳ್ಳುವ ಬೆರಳು) ಸಣ್ಣ ಆಪರೇಷನ್‌ಗೆ ಅಫೀಮಿನ ಬಗೆಯ ನೋವುಮಾತ್ರೆ ಟ್ರಮಡಾಲ್ ಬೇಕಾಗುವುದೇ ಅಪರೂಪ. ಪ್ಯಾರಾಸಿಟಮಾಲ್ 650 ಮಿಲಿಗ್ರಾಂ ಆರು ಗಂಟೆಗೊಮ್ಮೆ, ಐಬುಪ್ರೊಫೆನ್ 400 ಎಂಟು ಗಂಟೆಗೊಮ್ಮೆ ಊಟವಾದ ಮೇಲೆ: ಮೊದಲ ಎರಡು ದಿನಕ್ಕೆ ಇಷ್ಟು ಸಾಕು. ಎರಡೂ ನೋವು ತಗ್ಗಿಸುವ ದಾರಿ ಬೇರೆ ಬೇರೆ, ಹಾಗಾಗಿ ಒಟ್ಟಿಗೆ ಕೊಡಬಹುದು. ಬಾವು ಇಳಿಸುವ ಗುಣ ಐಬುಪ್ರೊಫೆನ್‌ಗಿದೆ, ಟ್ರಮಡಾಲ್‌ಗಿಲ್ಲ. ಆದರೆ ಮೂತ್ರಪಿಂಡದ ತೊಂದರೆ, ಹೊಟ್ಟೆಹುಣ್ಣು ಇದ್ದವರು, ರಕ್ತ ತೆಳುವಾಗಿಸುವ ಮಾತ್ರೆ ನುಂಗುವವರು ಐಬುಪ್ರೊಫೆನ್ ಮುಟ್ಟುವ ಮೊದಲು ಡಾಕ್ಟರನ್ನು ಕೇಳಲೇಬೇಕು.

ಈ ಜೋಡಿ ಕೈಕೊಡುವುದು ಹೆಚ್ಚಾಗಿ ಹೊತ್ತು ತಪ್ಪಿದಾಗ. ಕಂಕುಳಲ್ಲೋ ಕುತ್ತಿಗೆಯ ಬಳಿಯೋ ಮಧ್ಯಾಹ್ನ ಕೊಟ್ಟ, ಕೈ ಮರಗಟ್ಟಿಸುವ ಬ್ಲಾಕ್ ಇಂಜೆಕ್ಷನ್ ಸಾಮಾನ್ಯವಾಗಿ ನಡುರಾತ್ರಿ ದಾಟಿದ ಮೇಲೆ ಬಿಡುತ್ತದೆ. ಮರಗಟ್ಟಿದ ಕೈಯಲ್ಲಿ ನೋವೇ ಇಲ್ಲವೆಂದು ಮಾತ್ರೆ ಬಿಟ್ಟು ಮಲಗಿದವರು ಮೂರು ಗಂಟೆಗೆ ಎದ್ದು ಕೂರುತ್ತಾರೆ. ನೋವು ಏರಿದ ಮೇಲೆ ನುಂಗಿದ ಮಾತ್ರೆ ಹಿಡಿಯಲು ಅರ್ಧ-ಮುಕ್ಕಾಲು ಗಂಟೆ ಬೇಕು. ಬೆರಳ ತುದಿ ಜುಮ್ಮೆನ್ನುವ ಮೊದಲೇ, ಮಲಗುವಾಗಲೇ ನುಂಗಿ. ಕೈಯನ್ನು ಎದೆಗಿಂತ ಮೇಲೆ, ಎರಡು ದಿಂಬಿನ ಮೇಲಿಡಿ. ಸೊಂಟದ ಮಟ್ಟಕ್ಕೆ ಜೋತ ಕೈ ನೋವಿನಿಂದ ಪಟಪಟ ಮಿಡಿಯುತ್ತದೆ. ದಿಂಬು ಮಾಡುವ ಕೆಲಸ ಎಷ್ಟೋ ಮಾತ್ರೆ ಮಾಡುವುದಿಲ್ಲ.

ಮಣಿಕಟ್ಟಿನ ಮೂಳೆಗೆ ಪ್ಲೇಟ್ ಹಾಕಿದಾಗ ಲೆಕ್ಕ ಬೇರೆ. ಆಗ ಜೋಡಿಯ ಮೇಲೆ ಟ್ರಮಡಾಲ್ 50, ಅದೂ ಮೊದಲ ಎರಡು-ಮೂರು ರಾತ್ರಿ, ಬೇಕೆನಿಸಿದರೆ ಮಾತ್ರ. ಇದನ್ನು ಯಕೃತ್ತು ಬದಲಾಯಿಸಿದ ಮೇಲೆಯೇ ಪೂರ್ತಿ ಕೆಲಸ. ಆ ಬದಲಾವಣೆ ಎಲ್ಲರಲ್ಲೂ ಒಂದೇ ಸಮ ಇಲ್ಲ. ಹಾಗಾಗಿ ಒಬ್ಬರಿಗೆ ಏನೂ ಆಗದು, ಇನ್ನೊಬ್ಬರಿಗೆ ಅಷ್ಟರಲ್ಲೇ ಮಂಪರು. ವಾಕರಿಕೆ, ತಲೆಸುತ್ತು, ಮಲಬದ್ಧತೆ ಮಾಮೂಲು. ಮೂರ್ಛೆರೋಗ ಇದ್ದವರಿಗೆ, ಖಿನ್ನತೆಯ ಮಾತ್ರೆ ನುಂಗುವವರಿಗೆ ಅಪಾಯ ಹೆಚ್ಚು. ಮದ್ಯದ ಜೊತೆಗಂತೂ ಬೇಡವೇ ಬೇಡ. 2018ರಿಂದ ಇದು ಮಾದಕವಸ್ತು ಕಾಯ್ದೆಯಡಿ ಬರುತ್ತದೆ, ಚೀಟಿಯಿಲ್ಲದೆ ಕೇಳಬೇಡಿ.

ಮನೆಯಲ್ಲಿ ಆಗುವ ದೊಡ್ಡ ಎಡವಟ್ಟು ಇನ್ನೊಂದಿದೆ. ಟ್ರಮಡಾಲ್ 37.5 ಇರುವ ಜೋಡಿಮಾತ್ರೆಯಲ್ಲಿ ಪ್ಯಾರಾಸಿಟಮಾಲ್ 325 ಅಡಗಿರುತ್ತದೆ. ಅದನ್ನು ದಿನಕ್ಕೆ ಆರು ನುಂಗಿ, ಜೊತೆಗೆ ನಾಲ್ಕು ಡೋಲೋ 650 (ಅದೂ ಪ್ಯಾರಾಸಿಟಮಾಲೇ) ಸೇರಿಸಿದರೆ ಒಟ್ಟು ಪ್ಯಾರಾಸಿಟಮಾಲ್ 4550 ಮಿಲಿಗ್ರಾಂ. ದಿನದ ಮಿತಿ 4000. ತೂಕ ಕಡಿಮೆ ಇದ್ದವರಿಗೆ, ಕುಡಿಯುವವರಿಗೆ ಇನ್ನೂ ಕಮ್ಮಿ. ಸ್ಟ್ರಿಪ್ಪಿನ ಹಿಂಬದಿ ಓದಿ.

ಬಿಗಿದ ಕಟ್ಟಿನೊಳಗೆ ನೋವು ಏರುತ್ತಲೇ ಇದ್ದು, ಬೆರಳು ನೀಲಿಗಟ್ಟಿದರೆ, ತಣ್ಣಗಾದರೆ, ಬೇರೆಯವರು ಬೆರಳನ್ನು ಹಿಡಿದು ನೆಟ್ಟಗೆ ಮಾಡಿದಾಗ ಜೀವ ಹೋದಂತಾದರೆ ಇನ್ನೊಂದು ಟ್ರಮಡಾಲ್ ನುಂಗಿ ಬೆಳಗಾಗಲೆಂದು ಕಾಯಬೇಡಿ. ಆ ರಾತ್ರಿಯೇ ಆಸ್ಪತ್ರೆಗೆ ಹೋಗಿ ಕಟ್ಟು ಬಿಚ್ಚಿಸಿ.